ಒರೆಸಿಟ್ಟ ತಟ್ಟೆಗಳು

ಪ್ಯಾರಿಸ್
2 ಅಕ್ಟೋಬರ್ 1972

ಅಮ್ಮನಿಗೆ,

ಹನ್ನೆರಡು ವರ್ಷಗಳಲ್ಲಿ ನಾನು ನಿನಗೆ ಕಳುಹಿಸಿದ್ದು ಹೊಸ ವರ್ಷದ ಕಾರ್ಡುಗಳನ್ನು ಮಾತ್ರ. ಈಗ ಕಾಗದ ಬರೆಯುತ್ತಿರುವುದು ಕೆಲಸದ ಕಾರಣಕ್ಕೆ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ನಾನು ಕೆಲಸ ಮಾಡುವ ಪ್ರಕಾಶನದವರು ಪ್ರವಾಸಿಗರಿಗಾಗಿ ಊಟದ ಮನೆಗಳ ಕೈಪಿಡಿ ತರುತ್ತಾರೆ ಎಂಬುದು ನಿನಗೆ ಗೊತ್ತು. ಮುಂದಿನ ವಸಂತಕ್ಕೆ ಬರುವ ಪುಸ್ತಕದಲ್ಲಿ ಲಿಯಾನ್ ನಗರದ ಭಾಗವನ್ನು ನನಗೆ ಒಪ್ಪಿಸಿದ್ದಾರೆ. ಪೆರಾಶ್ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ಇಳಿಯುವ ಪರವೂರಿನವನಿಗೆ ಹಳೆಯ ರೀತಿಯ ಒಳ್ಳೆಯ ಊಟ ಎಲ್ಲಿ ಸಿಗುತ್ತದೆ ಎಂದು ನಾನು ಹೇಳಬೇಕು. ಈಗ ಬೀದಿಗೆ ಹತ್ತು ಬಾಗಿಲುಗಳ ಮೇಲೆ ಹಳೆಯ ಊಟದ ಮನೆಗಳ ಹೆಸರು, 'ಬುಶೋಂ', ಬರೆದಿದೆಯಂತೆ. ಚೌಕಳಿ ಮೇಜುಬಟ್ಟೆ ಹಾಸಿ, ಗೋಡೆಗೆ ಒಂದು ತಾಮ್ರದ ಬಾಣಲೆ ತೂಗುಹಾಕಿದರೆ ಬುಶೋಂ ಆಯಿತು. ಒಳಗೆ ಕೊಡುವುದು ಡಬ್ಬದ ಸಾರು. ನಿಜವಾದದ್ದು ಯಾವುದು, ವೇಷ ಹಾಕಿದ್ದು ಯಾವುದು ಎಂದು ಹೊಸಬ ಹೇಗೆ ತಿಳಿಯಬೇಕು? ಇದನ್ನು ನಿನ್ನಷ್ಟು ಬಲ್ಲವರು ನನಗೆ ಬೇರೆ ಯಾರೂ ಗೊತ್ತಿಲ್ಲ.

ಗುರುತು ಸಿಗುವ ಕಡೆ ನಾವು ಊಟಕ್ಕೆ ಕೂರುವಂತಿಲ್ಲ ಎಂಬುದು ಕೈಪಿಡಿಯ ನಿಯಮ. ಕ್ರುವಾ-ರೂಸ್ ಗುಡ್ಡದ ಯಾವ ಅಡುಗೆಮನೆಗೆ ಹೋದರೂ ನಾನು ಫಿಲೋಮೆನ್ ಅಮ್ಮನ ಮಗಳು. ಹಾಗಾಗಿ ಉಣ್ಣಲು ಬರುವವನು ನನ್ನ ಸಹೋದ್ಯೋಗಿ. ಬರೆಯುವವಳು ನಾನು.

ನಿನ್ನ ಊಟದ ಮನೆಯ ಬಗ್ಗೆ ಕೇಳುತ್ತಿಲ್ಲ.

ಸೊಲಾಂಜ್


ಲಿಯಾನ್, ಕ್ರುವಾ-ರೂಸ್
15 ಅಕ್ಟೋಬರ್ 1972

ಸೊಲಾಂಜ್,

ನಿನ್ನ ಅಕ್ಷರ ಇನ್ನೂ ಹಾಗೆಯೇ ಇದೆ, ಯಾರೋ ಹಿಂದಿನಿಂದ ದೂಡುತ್ತಿರುವ ಹಾಗೆ.

ಕೇಳಿದ್ದೀಯ, ಹೇಳುತ್ತೇನೆ. ನಿನ್ನ ಪರವೂರಿನವನು ಊಟದ ಹೊತ್ತಿನಲ್ಲಿ ಹುಡುಕಬಾರದು. ಮಧ್ಯಾಹ್ನ ಎಲ್ಲ ಮನೆಗಳೂ ತುಂಬಿರುತ್ತವೆ, ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಗುಡ್ಡ ಹತ್ತಲಿ. ಆ ಹೊತ್ತಿನಲ್ಲಿ ಯಾವ ಬಾಗಿಲ ಹಿಂದೆ ಜನ ಕೂತು ಹಂದಿಮಾಂಸ ತಿನ್ನುತ್ತ, ದಪ್ಪ ತಳದ ಸೀಸೆಯಿಂದ ಕೆಂಪು ವೈನು ಬಗ್ಗಿಸಿಕೊಳ್ಳುತ್ತಿದ್ದಾರೋ ಆ ಬಾಗಿಲನ್ನು ನೆನಪಿಟ್ಟುಕೊಳ್ಳಲಿ. ನೇಕಾರರು ಬೆಳಗಿನ ಜಾವ ಮಗ್ಗಕ್ಕೆ ಕೂತು ಒಂಬತ್ತಕ್ಕೆ ಹಸಿದು ಬರುತ್ತಿದ್ದ ಊರು ಇದು. ಮಗ್ಗ ಹೋಯಿತು, ಹಸಿವು ಉಳಿದಿದೆ.

ತಿಂಡಿಗಳ ಪಟ್ಟಿ ಅಚ್ಚಾಗಿದ್ದರೆ ಮುಂದೆ ನಡೆಯಲಿ. ಹೊರಗೆ ನಿಂತು ಕೈಹಿಡಿದು ಕರೆಯುವವನಿದ್ದರೆ ಓಡಲಿ. ಒಳಗೆ ಗೋಡೆಗೆ ಸಣ್ಣ ಸಣ್ಣ ಮರದ ಗೂಡುಗಳಿವೆಯೇ, ದಿನಾ ಬರುವವರ ಬಾಯೊರೆಸುವ ವಸ್ತ್ರ ಮಡಿಸಿ ಇಟ್ಟಿದೆಯೇ ನೋಡಲಿ. ಇದ್ದರೂ ಕೂರುವುದು ಬೇಡ, ಅದನ್ನೂ ಈಗ ಬಡಗಿಯಿಂದ ಮಾಡಿಸುತ್ತಾರೆ. ಅಡುಗೆಮನೆಗೆ ವಾಪಸು ಹೋಗುವ ತಟ್ಟೆಗಳನ್ನು ನೋಡಲಿ. ದಿನಾ ಉಣ್ಣುವವನು ಬ್ರೆಡ್ಡಿನಿಂದ ಸಾಸು ಒರೆಸಿ ತಿಂದಿಟ್ಟ ತಟ್ಟೆ ಹೋಗುತ್ತಿದೆಯೇ? ಹಾಗಾದರೆ ಟೋಪಿ ತೆಗೆದು ಕೂರಲಿ. ಮಾತು ಸುಳ್ಳಾಡಬಹುದು, ಬಾಗಿಲ ಮೇಲಿನ ಬೋರ್ಡು ಸುಳ್ಳಾಡಬಹುದು. ತಟ್ಟೆ ಸುಳ್ಳಾಡುವುದಿಲ್ಲ. ಬೇಕಿದ್ದರೆ ಇದನ್ನು ನಿನ್ನ ಪುಸ್ತಕದಲ್ಲಿ ಹಾಕಿಕೋ. ನನ್ನ ಹೆಸರು ಬೇಡ.

ನನ್ನ ಮನೆಯ ಬಗ್ಗೆ ನೀನು ಕೇಳಿಲ್ಲ. ಒಂಬತ್ತು ಜನರ ಮುಂದೆ ಸೌಟು ಕೆಳಗಿಟ್ಟು, 'ಅಮ್ಮ, ಜಾಯಿಕಾಯಿ ಎರಡು ಸಲ ಬಿದ್ದಿದೆ' ಎಂದವಳು ನೀನು. ಆ ಮಾತು ಹಿಂತೆಗೆದುಕೊಳ್ಳುವವರೆಗೆ ನನ್ನ ಅಡುಗೆಮನೆಗೆ ಕಾಲಿಡಬೇಡ ಎಂದವಳು ನಾನು. ನೀನು ಹಿಂತೆಗೆದುಕೊಂಡಿಲ್ಲ. ನಾನೂ ಇಲ್ಲ. ಆದರೆ ನಿನ್ನ ಮನುಷ್ಯನನ್ನು ಇಲ್ಲಿಗೂ ಕಳುಹಿಸು. ಯಾವತ್ತು ಬರುತ್ತಾನೆಂದು ಹೇಳಬೇಡ. ಅವನು ತಿಂದದ್ದನ್ನು ನೀನು ಇದ್ದ ಹಾಗೆ ಬರೆ.

ಫೆಬ್ರವರಿಯಲ್ಲಿ ಮೂರು ವಾರ ಜ್ವರ ಬಂದಿತ್ತು. ಈಗ ಗಟ್ಟಿಯಾಗಿದ್ದೇನೆ.

ಫಿಲೋಮೆನ್


ಲಿಯಾನ್
10 ನವೆಂಬರ್ 1972

ಸೊಲಾಂಜ್ ಅವರೇ,

ಹದಿಮೂರು ಮನೆಗಳ ವರದಿ ಬೇರೆ ಲಕೋಟೆಯಲ್ಲಿದೆ. ಹದಿನಾಲ್ಕನೆಯದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದು ಕಚೇರಿಯ ಕಡತಕ್ಕಲ್ಲ.

ನಿಮ್ಮ ತಾಯಿಯವರ ಮನೆಗೆ ನಿನ್ನೆ ಮಧ್ಯಾಹ್ನ ಹೋದೆ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಗುಡ್ಡದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದೆ. ಮೊದಲು ಬಾಗಿಲಲ್ಲಿ ನಿಂತು, ನೀವು ಕೊಟ್ಟ ಸೂತ್ರದಂತೆ, ಹಿಂತಿರುಗುವ ತಟ್ಟೆಗಳನ್ನು ನೋಡಿದೆ. ಒಂಬತ್ತು ತಟ್ಟೆಗಳು. ಒಂಬತ್ತೂ ತೊಳೆದಿಟ್ಟ ಹಾಗಿದ್ದವು. ಆ ಸೂತ್ರದ ಪ್ರಕಾರ ಇದು ಊರಿನ ಅತ್ಯುತ್ತಮ ಮನೆಯಾಗಬೇಕಿತ್ತು.

ಮೀನಿನ ಕೆನೆಲ್ ತರಿಸಿದೆ. ಕಡುಬು ಮೋಡದಂತೆ ಉಬ್ಬಿತ್ತು, ಅಂಥ ಕೈಯನ್ನು ನಾನು ಬೇರೆಲ್ಲೂ ನೋಡಿಲ್ಲ. ಬಾಯಿಗಿಟ್ಟರೆ ಕಹಿ. ಸಾಸಿನ ಬೆಣ್ಣೆ ಹೊತ್ತಿತ್ತು. ವಿನಿಗರ್ ಕೋಳಿಯಲ್ಲಿ ಉಪ್ಪು ಎಷ್ಟಿತ್ತೆಂದರೆ ನಾಲಿಗೆ ಸುಟ್ಟಂತಾಯಿತು. ಕೈತಪ್ಪಿ ಆದದ್ದಲ್ಲ, ಎರಡು ಪದಾರ್ಥಗಳಲ್ಲಿ ಎರಡು ಬೇರೆ ತಪ್ಪುಗಳು. ಮಾಡಿದವರು ರುಚಿ ನೋಡಿಲ್ಲ, ಇಲ್ಲವೇ ನೋಡಿಯೂ ಅವರಿಗೆ ತಿಳಿದಿಲ್ಲ.

ಅವರೇ ಮೇಜಿನ ಬಳಿ ಬಂದರು. "ಹೇಗಿದೆಯಪ್ಪಾ?" ಎಂದರು. ಒಂಬತ್ತು ಜನರೂ ನನ್ನತ್ತ ತಿರುಗಿದರು. ಪಕ್ಕದ ದಪ್ಪ ಮನುಷ್ಯ ಬ್ರೆಡ್ಡಿನ ಬುಟ್ಟಿಯನ್ನು ನನ್ನತ್ತ ನೂಕಿ, "ನಮ್ಮ ಗುಡ್ಡದಲ್ಲಿ ತಟ್ಟೇಲಿ ಬಿಟ್ಟು ಏಳೋ ಅಭ್ಯಾಸ ಇಲ್ಲ ಸ್ವಾಮಿ. ಒರೆಸ್ಕೊಳಿ, ಒರೆಸ್ಕೊಳಿ," ಎಂದ. ನಗುತ್ತಲೇ ಹೇಳಿದ, ಆದರೆ ಕಣ್ಣು ನಗುತ್ತಿರಲಿಲ್ಲ. ನಾನು ಒರೆಸಿದೆ. "ಚೆನ್ನಾಗಿದೆ" ಎಂದೆ. ಈ ಕೆಲಸಕ್ಕೆ ಸೇರಿದ ಮೇಲೆ ನಾನು ಹೇಳಿದ ಮೊದಲ ಸುಳ್ಳು ಅದು.

ಈ ಮನೆಯನ್ನು ಪುಸ್ತಕಕ್ಕೆ ಸೇರಿಸುವಂತಿಲ್ಲ. ನನ್ನ ಅಭಿಪ್ರಾಯ ಕಡತಕ್ಕೆ ಹೋಗಿಲ್ಲ, ತೀರ್ಮಾನ ನಿಮ್ಮದು. ಕ್ಷಮಿಸಿ.

ಅರ್ಮಾಂ ಕೆರೆಲ್


ಪ್ಯಾರಿಸ್
14 ನವೆಂಬರ್ 1972

ಮಸ್ಯೂ ತೆವ್ನೆ,

ನನ್ನ ನೆನಪಿರಬಹುದು. ಚಿಕ್ಕವಳಿದ್ದಾಗ ನಿಮ್ಮ ಮಗ್ಗದ ಕೆಳಗೆ ಕೂತು ರೇಷ್ಮೆ ಎಳೆಗಳನ್ನು ಆಯುತ್ತಿದ್ದೆ. ನೀವು ಈಗಲೂ ದಿನಾ ಅಮ್ಮನಲ್ಲಿಗೆ ಊಟಕ್ಕೆ ಹೋಗುತ್ತೀರೆಂದು ಬಲ್ಲೆ. ಒಂದೇ ಪ್ರಶ್ನೆ. ಅಮ್ಮನ ಅಡುಗೆಗೆ ಏನಾಗಿದೆ? ದಯವಿಟ್ಟು ಅವಳಿಗೆ ಕಾಗದ ತೋರಿಸಬೇಡಿ.

ಸೊಲಾಂಜ್


ಲಿಯಾನ್
19 ನವೆಂಬರ್ 1972

ಮಗು ಸೊಲಾಂಜ್,

ನೆನಪಿಲ್ಲದೆ ಏನು. ನೀನು ಆಯ್ದ ಎಳೆಗಳನ್ನು ನನ್ನ ಹೆಂಡತಿ ಸಾಯುವವರೆಗೂ ಡಬ್ಬಿಯಲ್ಲಿಟ್ಟಿದ್ದಳು.

ಕೇಳಿದ್ದಕ್ಕೆ ನೇರವಾಗಿ ಹೇಳುತ್ತೇನೆ. ಫೆಬ್ರವರಿಯ ಜ್ವರದ ನಂತರ ನಿನ್ನ ಅಮ್ಮನಿಗೆ ರುಚಿ ವಾಸನೆ ಎರಡೂ ಹೋಗಿವೆ. ಅವಳು ಯಾರಿಗೂ ಹೇಳಿಲ್ಲ. ನಾವು ಕಂಡುಕೊಂಡೆವು. ಒಲೆಯ ಮೇಲೆ ಹಾಲು ಸೀದು ಹೊಗೆ ಬರುತ್ತಿದ್ದರೂ ಅವಳು ಬೆನ್ನು ತಿರುಗಿಸಿ ಈರುಳ್ಳಿ ಹೆಚ್ಚುತ್ತಿದ್ದಳು.

ಮತ್ತೆ ಒಲೆ ಹಚ್ಚಿದ ಮೊದಲ ದಿನ ನಾವು ಒಂಬತ್ತು ಜನ ಕೂತಿದ್ದೆವು. ಕೊಳಾಯಿ ಕೆಲಸದ ದಪ್ಪ ರೂಲಾಂ ನಿನಗೆ ಗೊತ್ತಲ್ಲ, ಅವನು ಮೊದಲ ತುತ್ತು ಇಟ್ಟುಕೊಂಡವನು ಅಗಿಯುವುದನ್ನೇ ನಿಲ್ಲಿಸಿಬಿಟ್ಟ. ನನ್ನ ಮುಖ ನೋಡಿದ. ಅವಳು ಅಡುಗೆಮನೆಯ ಬಾಗಿಲಲ್ಲಿ ಎದೆಗೆ ಒರೆಸುಬಟ್ಟೆ ಹಿಡಿದು ನಿಂತಿದ್ದಳು. ಮೂರು ವಾರದಲ್ಲಿ ಅರ್ಧ ಆಗಿಹೋಗಿದ್ದಳು. ರೂಲಾಂ ನುಂಗಿದ. "ಏನಮ್ಮಾ, ಮೂರು ವಾರ ನಮ್ಮನ್ನ ಉಪವಾಸ ಕೆಡವಿ ಈಗ ಇಷ್ಟೇ ಇಷ್ಟು ಬಡಿಸ್ತೀಯಲ್ಲ," ಎಂದು ತಟ್ಟೆ ಒಡ್ಡಿದ. ಅವಳು ನಕ್ಕಳು. ಆಮೇಲೆ ನಾವ್ಯಾರೂ ಬಾಯಿ ಬಿಡುವ ಹಾಗಿರಲಿಲ್ಲ.

ಒಂದು ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡೆವು. ಒಂಬತ್ತು ತಿಂಗಳಾಯಿತು. ಹೊರಗಿನವರು ಒಬ್ಬೊಬ್ಬರಾಗಿ ಬರುವುದು ನಿಲ್ಲಿಸಿದ್ದಾರೆ, ಅವಳು ಅದನ್ನು ಚಳಿಯ ಮೇಲೆ ಹಾಕುತ್ತಾಳೆ. ನಾವು ಮನೆಯಲ್ಲಿ ನೀರು ಕುಡಿದು ಬರುತ್ತೇವೆ, ಹೋಗಿ ಮತ್ತೆ ಕುಡಿಯುತ್ತೇವೆ. ರೂಲಾಂನಿಗೆ ಡಾಕ್ಟರು ಉಪ್ಪು ಬಿಡು ಎಂದಿದ್ದಾರೆ. "ಬಿಡ್ತೀನಿ, ಅವಳು ಬಿಟ್ಟ ದಿನ," ಎನ್ನುತ್ತಾನೆ.

ನಿನಗೆ ಇದು ಹುಚ್ಚು ಎನಿಸಬಹುದು. ನಮಗೆಲ್ಲ ಎಪ್ಪತ್ತರ ಆಚೆ ಈಚೆ. ಮೂವತ್ತು ವರ್ಷ ಅವಳು ನಮಗೆ ಹಾಕಿದ್ದಾಳೆ, ಯುದ್ಧದ ಕಾಲದಲ್ಲಿ ಗೆಣಸಿನಲ್ಲೇ ಹಬ್ಬದ ಊಟ ಮಾಡಿದ್ದಾಳೆ. ನಮ್ಮಲ್ಲಿ ಯಾರಾದರೂ ಹೋದರೆ ಅವರ ವಸ್ತ್ರವನ್ನು ಗೂಡಿನಿಂದ ತೆಗೆದು, ತಾನೇ ಒಗೆದು, ಇಸ್ತ್ರಿ ಮಾಡಿ ಮನೆಯವರಿಗೆ ಕಳುಹಿಸುತ್ತಾಳೆ. ನನ್ನದೂ ಹಾಗೆಯೇ ಹೋಗಲಿ ಎಂದು ನನ್ನ ಆಸೆ. ನಿನ್ನದು ಏಳನೆಯ ಗೂಡಿನಲ್ಲಿ ಇನ್ನೂ ಇದೆ. ಯಾರೂ ಮುಟ್ಟುವ ಹಾಗಿಲ್ಲ.

ನಿನ್ನ ಪುಸ್ತಕದ ವಿಷಯ ಅವಳು ಎಲ್ಲರಿಗೂ ಹೇಳಿದ್ದಾಳೆ. ಕೈಮುಗಿದು ಕೇಳುತ್ತೇನೆ, ಅವಳ ಮನೆಯನ್ನು ಅದರಲ್ಲಿ ಹಾಕಬೇಡ. ಹೊರಗಿನವರು ಬಂದರೆ ತಟ್ಟೆಯಲ್ಲಿ ಬಿಡುತ್ತಾರೆ. ಅವಳಿಗೆ ಗೊತ್ತಾಗುತ್ತದೆ. ನಾವು ಒಂಬತ್ತು ಜನ ಇದ್ದೇವೆ, ಅವಳಷ್ಟು ಕಾಲ ಹೇಗೋ ಬಾಳುತ್ತೇವೆ.

ಗಾಸ್ಪಾರ್ ತೆವ್ನೆ


ಲಿಯಾನ್
3 ಡಿಸೆಂಬರ್ 1972

ಸೊಲಾಂಜ್,

ನಿನ್ನ ಮನುಷ್ಯ ಬಂದು ಹೋದ. ನೀನು ಹೇಳದಿದ್ದರೂ ಗುರುತು ಹಿಡಿದೆ. ಕೂರುವ ಮೊದಲು ತಟ್ಟೆಗಳನ್ನು ಎಣಿಸುತ್ತ ನಿಂತಿದ್ದ, ಮೊದಲ ತುತ್ತನ್ನು ಮುಂದಿನ ಹಲ್ಲಿನಿಂದ ತಿಂದ. ತಟ್ಟೆ ಒರೆಸಿದ. ಚೆನ್ನಾಗಿದೆ ಎಂದ. ಅವನ ಮಾತಿಗೆ ನಾನು ಬೆಲೆ ಕಟ್ಟುವುದಿಲ್ಲ. ಅವನು ನಿನಗೆ ಏನು ಹೇಳಿದ, ನೀನು ಏನು ಬರೆಯುತ್ತೀಯ, ಅದು ಬೇಕು.

ಇಲ್ಲಿ ಯಾರನ್ನು ಕೇಳಿದರೂ ಚೆನ್ನಾಗಿದೆ ಎನ್ನುತ್ತಾರೆ. ಮೊನ್ನೆ ರೂಲಾಂನನ್ನು ಹಿಡಿದು, "ನಿಜ ಹೇಳೋ, ಸಾಸು ಹೇಗಿತ್ತು?" ಎಂದೆ. "ಅಮ್ಮಾ, ನಿನ್ನ ಸಾಸಿನಲ್ಲಿ ಮುಳುಗಿ ಸಾಯಬಹುದು," ಎಂದ. ಇದಕ್ಕೆ ಏನು ಅರ್ಥ ಮಾಡಿಕೊಳ್ಳಲಿ?

ಮುದುಕಿಯಾದೆ. ಕೈ ದಾರಿ ಬಲ್ಲದು, ಆದರೂ ಒಮ್ಮೊಮ್ಮೆ ದಾರಿ ಸರಿಯಿದೆಯೇ ಎಂದು ಯಾರಾದರೂ ಹೇಳಬೇಕು ಎನಿಸುತ್ತದೆ. ಆಗ ನಿನ್ನ ನೆನಪಾಗುತ್ತದೆ. ಈ ಮನೆಯಲ್ಲಿ ಮುಖ ನೋಡಿ ಮಾತಾಡದ ನಾಲಿಗೆ ನಿನ್ನದೊಂದೇ ಇತ್ತು.

ಇನ್ನೊಂದು ಮಾತು. ಹನ್ನೆರಡು ವರ್ಷದಿಂದ ಬರೆಯಬೇಕೆಂದುಕೊಂಡು ಬರೆಯದೆ ಇದ್ದದ್ದು. ಆ ದಿನ ಜಾಯಿಕಾಯಿ ಎರಡು ಸಲ ಬಿದ್ದಿತ್ತು. ನೀನು ಹೋದ ಮೇಲೆ ತಿಂದು ನೋಡಿದೆ. ಎರಡು ಸಲ ಬಿದ್ದಿತ್ತು.

ನೀನು ಬರೆಯುವುದನ್ನು ಅಂಟಿಸಲು ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಮೊಳ ಜಾಗ ಖಾಲಿ ಮಾಡಿದ್ದೇನೆ.

ಫಿಲೋಮೆನ್


ಪ್ಯಾರಿಸ್
20 ಡಿಸೆಂಬರ್ 1972

ಅಮ್ಮನಿಗೆ,

ನಿನ್ನ ಕಾಗದ ಬಂತು. ಅದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ಇದು ಐದನೆಯದು, ಚಿಕ್ಕದು.

ಪುಸ್ತಕ ಜನವರಿಯಲ್ಲಿ ಅಚ್ಚಿಗೆ ಹೋಗುತ್ತದೆ. ನಿನ್ನ ಮನೆ ಅದರಲ್ಲಿದೆ. ಬೇರೆ ಏನನ್ನೂ ಈಗ ಹೇಳಲಾರೆ.

ಚಳಿಯಲ್ಲಿ ನೆಲಮಾಳಿಗೆಗೆ ಇಳಿಯಬೇಡ. ಸೀಸೆಗಳನ್ನು ಯಾರಿಂದಲಾದರೂ ತರಿಸಿಕೋ.

ನಿನ್ನ
ಸೊಲಾಂಜ್


ಲಿಯಾನ್
8 ಏಪ್ರಿಲ್ 1973

ಸೊಲಾಂಜ್,

ಪುಸ್ತಕ ಬಂತು. ಮೊದಲು ಬೇರೆಯವರದನ್ನೆಲ್ಲ ಓದಿದೆ. ತಟ್ಟೆಯ ಮಾತನ್ನು ಮೊದಲ ಪುಟದಲ್ಲೇ ಹಾಕಿದ್ದೀಯ. ಆಮೇಲೆ ನನ್ನದನ್ನು ಓದಿದೆ. ನಾಲ್ಕೇ ಸಾಲು. ಬಾಯಿಪಾಠ ಆಗಿದೆ.

'ಗುಡ್ಡದ ಹಳೆಯ ಮನೆಗಳಲ್ಲಿ ಕೊನೆಯದು. ಮೀನಿನ ಕೆನೆಲ್ ಹಗುರ. ವಿನಿಗರ್ ಕೋಳಿಯನ್ನು ಕೇಳಿ: ತಟ್ಟೆ ಮೇಜಿಗೆ ಬರುವ ಮೊದಲೇ ಎಸ್ತ್ರಗೋನ್ ಸೊಪ್ಪಿನ ಪರಿಮಳ ಬರುತ್ತದೆ. ಬ್ರೆಡ್ಡು ಉಳಿಸಿಕೊಳ್ಳಿ, ತಟ್ಟೆ ಒರೆಸಲು ಬೇಕಾಗುತ್ತದೆ.'

ಚೆನ್ನಾಗಿ ಬರೆದಿದ್ದೀಯ.

ಕತ್ತರಿಸಿ ಬಾಗಿಲ ಪಕ್ಕ ಅಂಟಿಸಿದ್ದೇನೆ. ರೂಲಾಂ ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದ. ತೆವ್ನೆ ಮಾತ್ರ ಕಿಟಕಿಯ ಹೊರಗೆ ನೋಡುತ್ತಿದ್ದ. ನಿನ್ನೆಯಿಂದ ಪುಸ್ತಕ ಹಿಡಿದ ಜನ ಬಾಗಿಲಲ್ಲಿ ಇಣುಕುತ್ತಿದ್ದಾರೆ.

ಕಿಟಕಿಯಲ್ಲಿ ನಿನ್ನ ಎಸ್ತ್ರಗೋನ್ ಕುಂಡ ಇತ್ತಲ್ಲ. ನೆನಪಿದೆಯೇ ಎಂದು ಕೇಳುವ ಹಾಗಿಲ್ಲ, ನಿನಗೆ ನೆನಪಿದೆ.

ಫಿಲೋಮೆನ್


ಲಿಯಾನ್
3 ಜೂನ್ 1973

ಮಗು ಸೊಲಾಂಜ್,

ನಾನು ಬೇಡವೆಂದಿದ್ದೆ, ನೀನು ಹಾಕಿದೆ. ಬೈಯಲು ಬರೆಯುತ್ತಿಲ್ಲ. ನಾನೂ ಬ್ರೆಡ್ಡಿನಿಂದ ಒರೆಸುತ್ತ ಕೂತವನೇ. ಏನಾಯಿತು ಎಂದು ಯಾರಾದರೂ ನಿನಗೆ ತಿಳಿಸಬೇಕು, ಅವಳು ತಿಳಿಸುವುದಿಲ್ಲ.

ಏಪ್ರಿಲ್‌ನಿಂದ ಹೊರಗಿನವರು ಬರುತ್ತಿದ್ದಾರೆ. ತಟ್ಟೆಗಳನ್ನು ಅಡುಗೆಮನೆಗೆ ಸೇರಿಸುವ ಕೆಲಸವನ್ನು ನಾವು ಹಂಚಿಕೊಂಡೆವು. "ನೀನು ಕೂತ್ಕೋ ಅಮ್ಮಾ, ಕಾಲು ನೋಯುತ್ತೆ," ಎಂದು ರೂಲಾಂ ಎದ್ದು ತಟ್ಟೆ ಎತ್ತುತ್ತಿದ್ದ, ದಾರಿಯಲ್ಲಿ ಹಿತ್ತಿಲ ಬಕೆಟ್ಟಿಗೆ ಸುರಿಯುತ್ತಿದ್ದ. ಎರಡು ತಿಂಗಳು ಹೀಗೆ ನಡೆಯಿತು. ಈ ವಯಸ್ಸಿನಲ್ಲಿ ಕಳ್ಳರಾದೆವು.

ಹೋದ ಗುರುವಾರ ರೂಲಾಂ ಆಸ್ಪತ್ರೆಗೆ ಹೋಗಿದ್ದ, ತಡವಾಗಿ ಬಂದ. ಸ್ವಿಸ್ ಗಂಡಹೆಂಡತಿ ಕಿಟಕಿಯ ಮೇಜಿನಲ್ಲಿ ಕೂತಿದ್ದರು, ನಿನ್ನ ಪುಸ್ತಕ ತೆರೆದು ಲೋಟಕ್ಕೆ ಒರಗಿಸಿಟ್ಟುಕೊಂಡಿದ್ದರು. ಒಳ್ಳೆಯ ಜನ. ಕೋಳಿ ತರಿಸಿದರು. ಒಂದೊಂದು ತುತ್ತು ತಿಂದು ಇಬ್ಬರೂ ಫೋರ್ಕು ಕೆಳಗಿಟ್ಟರು. ನಾನು ಏಳುವಷ್ಟರಲ್ಲಿ ಅವಳೇ ಬಂದಳು.

"ಯಾಕೆ, ಬಿಟ್ಟಿದ್ದೀರಿ?"

"ಹೊಟ್ಟೆ ತುಂಬಿದೆ ಮದಾಂ," ಎಂದ ಗಂಡ.

"ಒಂದು ತುತ್ತಿಗೇ ತುಂಬ್ತಾ?"

ಹೆಂಡತಿ ಪುಸ್ತಕದ ಮೇಲೆ ಬೆರಳಿಟ್ಟು, ಅವಳ ಮನಸ್ಸು ನೋಯಬಾರದೆಂದೇ ಇರಬೇಕು, ಮೆಲ್ಲಗೆ ಕೇಳಿದಳು. "ಇದರಲ್ಲಿ ಎಸ್ತ್ರಗೋನ್ ಅಂತ ಬರೆದಿದೆ. ನಮಗೆ ಬೇರೆ ಏನೋ ಬಂದಿದೆಯಾ ಅಂತ."

ನಿನ್ನ ಅಮ್ಮ ಆ ಬೆರಳಿದ್ದ ಸಾಲನ್ನು ನೋಡಿದಳು. "ಇಲ್ಲ ತಾಯಿ. ಅದೇ ಬಂದಿರೋದು. ಸೊಪ್ಪು ಹಾಕೋದು ಬಿಟ್ಟು ಹನ್ನೆರಡು ವರ್ಷ ಆಯ್ತು," ಎಂದಳು. ಅವರ ತಟ್ಟೆಗಳನ್ನು ಎತ್ತಿಕೊಂಡಳು, ಆದರೆ ಅಡುಗೆಮನೆಗೆ ಹೋಗಲಿಲ್ಲ. ನಮ್ಮ ಮೇಜಿಗೆ ಬಂದಳು. ಆ ತುಂಬಿದ ಎರಡು ತಟ್ಟೆಗಳನ್ನು ನಮ್ಮ ಒರೆಸಿದ ತಟ್ಟೆಗಳ ಪಕ್ಕ ಇಟ್ಟಳು. ಅಷ್ಟು ಹೊತ್ತಿಗೆ ರೂಲಾಂ ಬಾಗಿಲಲ್ಲಿ ಟೋಪಿ ಹಿಡಿದು ನಿಂತಿದ್ದ.

"ಎಷ್ಟು ದಿನದಿಂದ?" ಎಂದಳು.

"ಏನಮ್ಮಾ ಎಷ್ಟು ದಿನದಿಂದ?"

"ನಾಟಕ ಆಡಬೇಡ ರೂಲಾಂ. ಎಷ್ಟು ದಿನದಿಂದ ಇದನ್ನ ನುಂಗ್ತಾ ಇದ್ದೀರಿ?"

ಕೊನೆಗೆ ನಾನೇ ಹೇಳಿದೆ. "ಜ್ವರ ಬಂತಲ್ಲ, ಆವಾಗಿಂದ."

"ನಾಯಿ ಮೂಸದೆ ಇರೋದನ್ನ ನಿಮಗೆ ಹಾಕಿದೀನಿ."

"ನಾವು ನಾಯಿಗಿಂತ ಚೆನ್ನಾಗಿ ಒರೆಸಿದ್ವಲ್ಲಮ್ಮಾ," ಎಂದ ರೂಲಾಂ. ಬೇರೆ ದಿನವಾಗಿದ್ದರೆ ಇಡೀ ಮೇಜು ನಗುತ್ತಿತ್ತು.

ಅವಳು ಬೈಯಲಿಲ್ಲ, ಅಳಲಿಲ್ಲ. ಬಾಗಿಲ ಪಕ್ಕ ಹೋಗಿ ನಿನ್ನ ನಾಲ್ಕು ಸಾಲನ್ನು ಉಗುರಿನಿಂದ ಕಿತ್ತಳು. ಅಂಟು ಗಟ್ಟಿಯಾಗಿತ್ತು, ಅರ್ಧ ಗೋಡೆಯಲ್ಲೇ ಉಳಿದಿದೆ. ಅವತ್ತಿನಿಂದ ಒಲೆ ಹಚ್ಚಿಲ್ಲ. ನಾವು ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಮುಚ್ಚಿದ ಬಾಗಿಲ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತೇವೆ.

ಗಾಸ್ಪಾರ್ ತೆವ್ನೆ


ಲಿಯಾನ್
24 ಜೂನ್ 1973, ಸಂತ ಯೋಹಾನನ ಹಬ್ಬ

ಸೊಲಾಂಜ್,

ತೆವ್ನೆ ನಿನಗೆ ಬರೆದಿದ್ದಾನೆಂದು ಒಪ್ಪಿಕೊಂಡ. ಹಾಗಾದರೆ ನಾನು ನಡೆದದ್ದನ್ನು ಹೇಳಬೇಕಾಗಿಲ್ಲ.

ರುಚಿ ಹೋದದ್ದು ನನಗೆ ಗೊತ್ತಿತ್ತು. ಹಾಸಿಗೆಯಿಂದ ಎದ್ದ ದಿನ ಕಾಫಿ ಕುಡಿದೆ, ಬಿಸಿನೀರು ಕುಡಿದ ಹಾಗಿತ್ತು. ಈರುಳ್ಳಿ ಕಚ್ಚಿದೆ, ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ಏನೂ ಇಲ್ಲ. ಡಾಕ್ಟರಿಗೆ ಹೇಳಿದ್ದರೆ ಗುಡ್ಡಕ್ಕೆಲ್ಲ ಗೊತ್ತಾಗುತ್ತಿತ್ತು. ಕೈ ಇದೆಯಲ್ಲ, ಮೂವತ್ತು ವರ್ಷದ ಕೈ, ಅದು ಮರೆಯುವುದಿಲ್ಲ ಎಂದುಕೊಂಡೆ. ಉಪ್ಪು ಹಾಕುತ್ತಿದ್ದೆ, ಹಾಕಿದೆನೋ ಇಲ್ಲವೋ ಎಂದು ಅನುಮಾನ ಬಂದು ಮತ್ತೆ ಹಾಕುತ್ತಿದ್ದೆ. ತಟ್ಟೆಗಳು ಒರೆಸಿ ವಾಪಸು ಬರುತ್ತಿದ್ದವು. ತಟ್ಟೆ ಸುಳ್ಳಾಡುವುದಿಲ್ಲ ಎಂದು ನಿನಗೆ ಬರೆದವಳು ನಾನು.

ಆದರೂ ಒಳಗೊಂದು ಕೊರೆತ ಇತ್ತು. ನನ್ನ ಮೇಲೆ ಪ್ರೀತಿ ಇರುವವರನ್ನು ಕೇಳಿ ಉಪಯೋಗವಿಲ್ಲ ಎಂದು ಗೊತ್ತಿತ್ತು. ಆಗ ನಿನ್ನ ಕಾಗದ ಬಂತು, ಕೆಲಸದ ಕಾಗದ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಕೂತುಕೊಂಡುಬಿಟ್ಟೆ. ನಿನಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂದು ನಂಬಿದ್ದೆ, ಸೊಲಾಂಜ್. ಅದಕ್ಕೇ ನಿನ್ನನ್ನು ನಂಬಿದ್ದೆ.

ಏಪ್ರಿಲ್‌ನಲ್ಲಿ ನಿನ್ನ ನಾಲ್ಕು ಸಾಲು ಓದಿದೆ. ಎಸ್ತ್ರಗೋನ್ ಎಂದು ನೀನು ಬರೆದಿದ್ದೀಯ. ನೀನು ಹೋದ ಮೊದಲ ಚಳಿಗಾಲದಲ್ಲೇ ಆ ಗಿಡ ಸತ್ತಿತು. ನೀರು ಹಾಕುತ್ತಿದ್ದವಳು ನೀನು, ನನಗೆ ನೆನಪಾಗಲಿಲ್ಲ. ಆಮೇಲೆ ಕೋಳಿಗೆ ಆ ಸೊಪ್ಪು ಹಾಕಲಿಲ್ಲ. ಹಾಗಾಗಿ ಓದಿದ ಕೂಡಲೇ ಗೊತ್ತಾಯಿತು, ಆ ಸಾಲುಗಳು ಈಗಿನ ತಟ್ಟೆಯಿಂದ ಬಂದವಲ್ಲ. ನೀನು ಹತ್ತೊಂಬತ್ತನೆಯ ವಯಸ್ಸಿನಲ್ಲಿ ತಿಂದದ್ದನ್ನು ಬರೆದಿದ್ದೀಯ. ನೀನು ಏನನ್ನೂ ಮರೆತಿಲ್ಲ ಎಂದು ಗೊತ್ತಾಯಿತು. ಕೇಳಿದ್ದನ್ನು ನೀನು ಕೊಡಲಿಲ್ಲ ಎಂದೂ ಗೊತ್ತಾಯಿತು. ಯಾವುದನ್ನು ಮೊದಲು ಎತ್ತಿಕೊಳ್ಳಲಿ ಎಂದು ತಿಳಿಯದೆ, ಕತ್ತರಿಸಿ ಗೋಡೆಗೆ ಅಂಟಿಸಿದೆ. ಅಷ್ಟರ ಮಟ್ಟಿಗೆ ತಪ್ಪು ನನ್ನದು. ಆ ಸ್ವಿಸ್ ಹೆಂಗಸಿಗೆ ಕ್ಷಮೆ ಕೇಳಬೇಕಿತ್ತು, ವಿಳಾಸ ಇಲ್ಲ.

ಮನೆ ಮುಚ್ಚಿದೆ. ದೊಡ್ಡ ಪಾತ್ರೆಗಳನ್ನು ಕನ್ಯಾಸ್ತ್ರೀಯರ ಮಠಕ್ಕೆ ಕೊಟ್ಟೆ, ಚಿಕ್ಕ ಬಾಣಲೆಯೊಂದನ್ನು ಇಟ್ಟುಕೊಂಡಿದ್ದೇನೆ. ಒಂಬತ್ತು ವಸ್ತ್ರಗಳನ್ನೂ ಒಗೆದು ಇಸ್ತ್ರಿ ಮಾಡಿ ಅವರವರಿಗೆ ಕೊಟ್ಟೆ. ಬದುಕಿರುವವರ ಕೈಗೆ ಕೊಟ್ಟದ್ದು ಇದೇ ಮೊದಲು. ತೆವ್ನೆ ತೆಗೆದುಕೊಳ್ಳಲು ಒಲ್ಲೆನೆಂದ. "ನಾನಿನ್ನೂ ಸತ್ತಿಲ್ಲ ಫಿಲೋಮೆನ್," ಎಂದ. "ನಾನು ಸತ್ತಿದ್ದೀನಿ, ತಗೋ," ಎಂದೆ. ರೂಲಾಂ ತನ್ನದನ್ನು ಕುತ್ತಿಗೆಗೆ ಕಟ್ಟಿಕೊಂಡೇ ಮೆಟ್ಟಿಲಿಳಿದು ಹೋದ, ಆಸ್ಪತ್ರೆಯ ಕಡೆಗೆ.

ಏಳನೆಯ ಗೂಡಿನಲ್ಲಿ ನಿನ್ನದು ಉಳಿದಿದೆ. ಅದನ್ನು ಒಗೆದಿಲ್ಲ. ಅದರ ಮೂಲೆಯಲ್ಲಿ ಅವತ್ತಿನ ಸಾಸಿನ ಕಲೆ ಇದೆ, ಜಾಯಿಕಾಯಿ ಎರಡು ಸಲ ಬಿದ್ದದ್ದು. ಒಗೆದು ಕಳುಹಿಸಲೋ, ಅಲ್ಲೇ ಇಡಲೋ, ನೀನೇ ಬರೆ.

ಅಮ್ಮ


ಪ್ಯಾರಿಸ್
27 ಜೂನ್ 1973

ಅಮ್ಮ,

ಒಗೆಯಬೇಡ. ಕಳುಹಿಸಬೇಡ.

ಮುಂದಿನ ಆವೃತ್ತಿಗೆ ತಿದ್ದುಪಡಿ ಬರೆದುಕೊಟ್ಟೆ. 'ಮನೆ ಮುಚ್ಚಿದೆ' ಎಂದು ಎರಡೇ ಪದ. ಮೊದಲ ಪುಟದಿಂದ ತಟ್ಟೆಯ ಮಾತನ್ನೂ ತೆಗೆಸಿದೆ.

ನವೆಂಬರ್‌ನಲ್ಲೇ ನನಗೆ ಎಲ್ಲ ಗೊತ್ತಿತ್ತು. ಡಿಸೆಂಬರ್‌ನಲ್ಲಿ ನಿನ್ನ ಕಾಗದ ಬರದಿದ್ದರೆ ಇದ್ದ ಹಾಗೆ ಬರೆಯುತ್ತಿದ್ದೆ, ಇಲ್ಲವೇ ಬರೆಯದೆ ಬಿಡುತ್ತಿದ್ದೆ. ಜಾಯಿಕಾಯಿಯ ಮಾತು ಓದಿದ ಮೇಲೆ ಆಗಲಿಲ್ಲ. ಇದನ್ನು ಸಮರ್ಥನೆ ಎಂದು ತೆಗೆದುಕೊಳ್ಳಬೇಡ, ನಡೆದದ್ದು ಹೀಗೆ.

ಭಾನುವಾರ ಮಧ್ಯಾಹ್ನದ ರೈಲಿಗೆ ಬರುತ್ತೇನೆ. ನಿಲ್ದಾಣಕ್ಕೆ ಬರಬೇಡ, ಮೆಟ್ಟಿಲು ಹತ್ತಿ ಬರುತ್ತೇನೆ. ಆ ಚಿಕ್ಕ ಬಾಣಲೆಯಲ್ಲಿ ಒಬ್ಬಳಿಗೆ ಆಗುವಷ್ಟು ಕೋಳಿ ಬೇಯಿಸು. ಸೊಪ್ಪು ಬೇಡ, ಈಗ ಹೇಗೆ ಮಾಡುತ್ತೀಯೋ ಹಾಗೆ. ನನ್ನ ವಸ್ತ್ರ ನಾನೇ ಗೂಡಿನಿಂದ ತೆಗೆದುಕೊಳ್ಳುತ್ತೇನೆ. ಸರಿಯಾಗಿರುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿದೆ. ನೀನು ಎದುರಿಗೆ ಕೂತಿರು. ಏನು ಹೆಚ್ಚಾಗಿದೆ, ಏನು ಕಡಿಮೆಯಾಗಿದೆ, ಒಂದೊಂದನ್ನೂ ಹೇಳುತ್ತೇನೆ.

ಆಮೇಲೆ ಬ್ರೆಡ್ಡು ಮುಟ್ಟುವುದಿಲ್ಲ. ತಟ್ಟೆಯಲ್ಲಿ ಬಿಡುತ್ತೇನೆ.

ಸೊಲಾಂಜ್